ಕಡ್ಡಿ ಅಕ್ಕನ ಗೆರೆ

ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ತಿಥಿಯೂ ಮುಗಿದ ಮೇಲೆ. ಕಡೂರಿನ ಔಷಧಿ ಅಂಗಡಿಯೊಂದರಲ್ಲಿ ಬಿ.ಪಿ. ಮಾತ್ರೆಗೆ ಕಾಯುತ್ತ ನಿಂತಿದ್ದೆ. ನಮ್ಮ ಕಾರ್ಖಾನೆಯಲ್ಲಿ ಹಿಂದೆ ಕ್ರೇನ್ ನಡೆಸುತ್ತಿದ್ದವನು ಸಿಕ್ಕಿದ. ಅದೂ ಇದೂ ಮಾತಾಡಿ ಹೊರಡುವ ಹೊತ್ತಿಗೆ, "ಕಡ್ಡಿ ಅಕ್ಕ ಹೋಗ್ಬಿಟ್ರಲ್ಲ ಸಾರ್, ಗೊತ್ತಾಯ್ತಲ್ವಾ?" ಎಂದ.

"ಯಾವಾಗ?"

"ಆಯ್ತು, ಇಪ್ಪತ್ತು ದಿನ ಆಗಿರ್ಬೇಕು. ಸಿಂಗಟಗೆರೇಲಿ, ಮಗಳ ಮನೇಲಿ. ನಾವೊಂದು ಏಳೆಂಟು ಜನ ಹೋಗಿದ್ವಿ. ನಿಮ್ಗೂ ಹೇಳಾನ ಅಂತ ಯಾರೋ ಅಂದ್ರು. ಆಮೇಲೆ ಬೇಡ ಅಂತ..." ಅಷ್ಟಕ್ಕೆ ನಿಲ್ಲಿಸಿ ನನ್ನ ಮುಖ ನೋಡಿದ. "ಬತ್ತೀನಿ ಸಾರ್" ಎಂದು ಹೊರಟುಬಿಟ್ಟ.

ಬೇಡ ಎಂದವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಅನ್ನುತ್ತಿದ್ದೆ. ಅಕ್ಕನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯಬೇಕಾಗಿದ್ದ ಒಂದು ಕಡೆ ಬರೆಯದವನು ಈಗ ಬರೆದು ಉಪಕಾರ ಮಾಡಿದಂತೆ ತೋರಿಸಿಕೊಳ್ಳುವುದು ಬೇಡ.

ನಮ್ಮದು ಬೀರೂರು ದಾಟಿ ತರೀಕೆರೆಗೆ ಹೋಗುವ ದಾರಿಯ ಪಕ್ಕದ ಒಂದು ಕಾಗದದ ಕಾರ್ಖಾನೆ. ಮಕ್ಕಳ ನೋಟ್‌ಬುಕ್ಕಿನ ಕಾಗದ, ಪೊಟ್ಟಣ ಕಟ್ಟುವ ಕಂದು ಕಾಗದ ಮಾಡುತ್ತಿದ್ದೆವು. ಡಿಪ್ಲೊಮಾ ಮುಗಿಸಿ ಇಪ್ಪತ್ತಮೂರನೆಯ ವಯಸ್ಸಿಗೆ ಅಲ್ಲಿ ಟ್ರೇನಿಯಾಗಿ ಸೇರಿದೆ. ನನ್ನನ್ನು ರೋಲ್ ಶಾಪಿಗೆ ಹಾಕಿದರು.

ರೋಲ್ ಶಾಪಿನ ಕೆಲಸ ಏನೆಂದು ಹೇಳದೆ ಅಕ್ಕನ ವಿಷಯ ಹೇಳಲಾಗುವುದಿಲ್ಲ. ಬಿದಿರು, ರದ್ದಿ ಕಾಗದ ಅರೆದು ಮಾಡಿದ ತಿಳಿಗಂಜಿಯಂಥ ಪಲ್ಪನ್ನು ಜಾಲರಿಯ ಮೇಲೆ ಹರಿಸಿದರೆ ಒದ್ದೆ ಹಾಳೆಯಾಗುತ್ತದೆ. ಆ ಹಾಳೆಯನ್ನು ಕಂಬಳಿಯಂಥ ದಪ್ಪ ಬಟ್ಟೆಯ ಮೇಲೆ ಮಲಗಿಸಿ ಎರಡು ದೊಡ್ಡ ರೋಲುಗಳ ನಡುವೆ ಕಳಿಸಿ ಹಿಂಡುತ್ತಾರೆ. ರೋಲಿನ ಮೈ ನುಣ್ಣಗಿದ್ದರೆ ಹಿಂಡಿದ ನೀರಿಗೆ ಹೋಗಲು ಜಾಗವಿಲ್ಲ. ಅದು ಹಾಳೆಯನ್ನೇ ಒಡೆದು ಹಾಕುತ್ತದೆ. ಅದಕ್ಕಾಗಿ ರೋಲಿನ ರಬ್ಬರು ಮೈಯ ಸುತ್ತ, ಈ ತುದಿಯಿಂದ ಆ ತುದಿಯವರೆಗೆ, ಉಗುರಂಚಿನಷ್ಟು ಸಣ್ಣ ಗೆರೆಗಳನ್ನು ಒತ್ತೊತ್ತಾಗಿ ಕೊರೆದಿರುತ್ತಾರೆ. ನೀರು ಕಂಬಳಿ ದಾಟಿ ಆ ಗೆರೆಗಳಿಗೆ ಇಳಿದು ಹೊರಗೆ ಹೋಗುತ್ತದೆ. ಕೆಲವು ತಿಂಗಳು ಓಡಿದ ಮೇಲೆ ಗೆರೆಗಳಲ್ಲಿ ನಾರು, ಸುಣ್ಣ, ಜಿಡ್ಡು ಕೂತುಕೊಳ್ಳುತ್ತದೆ, ಅಂಚು ಸವೆಯುತ್ತದೆ. ಆಗ ರೋಲನ್ನು ಬಿಚ್ಚಿ ತಂದು, ತೊಳೆದು, ಮೈ ಉಜ್ಜಿ, ಲೇತಿಗೆ, ಎಂದರೆ ತಿರುಗಿಸಿ ಕೊರೆಯುವ ಯಂತ್ರಕ್ಕೆ, ಏರಿಸಿ ಹೊಸದಾಗಿ ಗೆರೆ ಕೊರೆದು ಕಳಿಸಬೇಕು. ಒಂದು ರೋಲಿಗೆ ಸಾವಿರ ಸುತ್ತು ಗೆರೆ. ಅದರಲ್ಲಿ ಒಂದು ತಪ್ಪಿದರೂ ಕಾಗದದ ಮೇಲೆ ಕಾಣುತ್ತದೆ.

ಮೊದಲ ದಿನ ನಾನು ಹೋದಾಗ ರೋಲಿನ ಪಕ್ಕ ಮಣೆ ಹಾಕಿಕೊಂಡು ಒಬ್ಬ ಹೆಂಗಸು ಕೂತಿದ್ದರು. ಸೀರೆಯ ಮೇಲೆ ಗಂಡಸರ ಖಾಕಿ ಅಂಗಿ. ಕೈಯಲ್ಲಿ ಸೀಳಿದ ಬಿದಿರು ಕಡ್ಡಿ. ಗೆರೆಯೊಳಗಿನ ಕೊಳೆಯನ್ನು ಒಂದೊಂದು ಗೆರೆಯಾಗಿ ಕೆದಕಿ ತೆಗೆಯುತ್ತಿದ್ದರು. ಅದಕ್ಕೇ ಕಡ್ಡಿ ಅಕ್ಕ. ಮೈಯೂ ಕಡ್ಡಿಯಂತಿತ್ತು. ಮಾತಂತೂ ಕಡ್ಡಿ ಮುರಿದ ಹಾಗೆ.

"ಇಷ್ಟು ಗೆರೆ ಯಾಕೆ ಬೇಕು ಗೊತ್ತಾ ಅಕ್ಕ?" ಎಂದು, ಓದಿದ್ದನ್ನು ತೋರಿಸಿಕೊಳ್ಳುವ ಚಪಲಕ್ಕೆ ಕೇಳಿದೆ.

ಅವರು ತಲೆ ಎತ್ತಲಿಲ್ಲ. "ಹೊಲಕ್ಕೆ ಬಸಿಗಾಲುವೆ ಯಾಕೆ ಬೇಕು ಸಾರ್? ಇಲ್ದಿದ್ರೆ ನೀರು ಪೈರನ್ನೇ ಕೊಚ್ಕೊಂಡು ಹೋಯ್ತದೆ. ಹಿಂಡಿದ್ರೆ ಸಾಲ್ದು, ಹೋಗಕ್ಕೆ ದಾರಿ ಬಿಡ್ಬೇಕು. ಕಾಲು ಎತ್ತಿ, ನೀರು ತುಳೀತಿದೀರ."

ಅವರದು ಚೌಳಹಿರಿಯೂರಿನ ಕಡೆಯ ಒಂದು ಹಳ್ಳಿ. ಗಂಡ ನಮ್ಮದೇ ಕಾರ್ಖಾನೆಯ ಬಿದಿರಿನ ಯಾರ್ಡಿನಲ್ಲಿ ರಾಶಿ ಜಾರಿ ಸತ್ತಿದ್ದರು. ಆಗ ಅಕ್ಕನಿಗೆ ಇಪ್ಪತ್ತೆಂಟು, ಮಗಳಿಗೆ ಮೂರು. ಅನುಕಂಪದ ಆಧಾರದ ಮೇಲೆ ಗುಡಿಸಿ ತೊಳೆಯುವ ಕೆಲಸ ಕೊಟ್ಟರು. ಮಗಳನ್ನು ಊರಲ್ಲಿ ಅಣ್ಣನ ಮನೆಯಲ್ಲಿ ಬಿಟ್ಟು ಕಾರ್ಖಾನೆಯ ಹತ್ತಿರ ಒಂದು ಕೋಣೆ ಹಿಡಿದಿದ್ದರು. ವಾರದ ರಜೆಗೆ ಊರಿಗೆ ಹೋಗಿ ಬರುತ್ತಿದ್ದರು. "ಅನುಕಂಪ ಅಂದ್ರೆ ಪೊರಕೆ ಸಾರ್" ಎಂದು ಒಮ್ಮೆ ಅಂದಿದ್ದರು. "ಗಂಡಸರಿಗಾದ್ರೆ ಅನುಕಂಪ ಅಂದ್ರೆ ಗುಮಾಸ್ತೆ."

ಅವರು ಒಳ್ಳೆಯ ಮಾತಿನ ಮನುಷ್ಯರಲ್ಲ. ಸತ್ತವರ ಬಗ್ಗೆ ಬರೆಯುವಾಗ ಎಲ್ಲರನ್ನೂ ಕರುಣಾಮಯಿ ಮಾಡುವ ರೂಢಿಯಿದೆ. ಅಕ್ಕನಿಗೆ ಆ ಅಂಗಿ ಹೊಂದುವುದಿಲ್ಲ. ಊಟಕ್ಕೆ ಯಾರ ಜೊತೆಗೂ ಕೂರುತ್ತಿರಲಿಲ್ಲ. ರೊಟ್ಟಿ, ಹುಚ್ಚೆಳ್ಳು ಚಟ್ನಿ ಬಿಚ್ಚಿ, ಗೋಡೆಗೆ ಮುಖ ಮಾಡಿ ತಿಂದು ಎದ್ದುಬಿಡುತ್ತಿದ್ದರು. ಕ್ಯಾಂಟೀನಿನ ಹೆಂಗಸೊಬ್ಬಳು ಕರುಣೆಯಿಂದ, "ಪಾಪ, ಬರಿಗೈಲಿ ಇರ್ತೀಯ, ಎರಡು ಪ್ಲಾಸ್ಟಿಕ್ ಬಳೆಯಾದ್ರೂ ಹಾಕ್ಕೋ, ಈಗಿನ ಕಾಲದಲ್ಲಿ ಯಾರೂ ಏನೂ ಅನ್ನಲ್ಲ" ಎಂದಾಗ, ಗೋಡೆಯ ಬೋರ್ಡು ತೋರಿಸಿದ್ದರು. "ಲೇತಿನ ಹತ್ರ ಬಳೆ ಹಾಕ್ಬಾರ್ದು ಅಂತ ಬರ್ದದೆ, ಓದು. ಬರಿಗೈ ಗಂಡ ಸತ್ತಿದ್ದಕ್ಕಲ್ಲ ಕಣೇ."

ನನ್ನ ಮದುವೆಯ ಕಾಗದ ಕೊಡಲು ಹೋದಾಗ ಕೈ ಒರೆಸಿಕೊಂಡು ತೆಗೆದುಕೊಂಡು, "ಹೆಣ್ಣು ಏನು ಓದವ್ರೆ?" ಎಂದರು.

"ಬಿ.ಎ."

"ಕೆಲ್ಸಕ್ಕೆ ಕಳಿಸ್ತೀರಾ?"

"ಅದೇನು ಬೇಕಾಗಿಲ್ಲ ಅಕ್ಕ."

"ಹಂಗಾದ್ರೆ ನೀವು ಹೋದ್ರೆ ಅವ್ರಿಗೂ ಪೊರಕೇನೆ" ಎಂದರು. ಮದುವೆಯ ಕಾಗದ ಹಿಡಿದು ಹೇಳುವ ಮಾತೇ ಅದು? ವಾರಗಟ್ಟಲೆ ನಾನು ಅವರನ್ನು ಮಾತಾಡಿಸಲಿಲ್ಲ. ಆಮೇಲೆ ಹೆಂಡತಿಯನ್ನು ಬಿ.ಎಡ್.ಗೆ ಕಳಿಸಿದೆ. ಯಾಕೆ ಕಳಿಸಿದೆ ಎಂದು ಅವಳಿಗೆ ಹೇಳಲಿಲ್ಲ.

ಇನ್ನು ಲೇತಿನ ವಿಷಯ. ರೋಲ್ ಶಾಪಿನಲ್ಲಿ ಲೇತು ನಡೆಸುವ ಟರ್ನರ್ ಅಜ್ಜಂಪುರದವರು. ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದೆವು. ಮೃದು ಮಾತಿನ, ಕೈ ಚೊಕ್ಕಟದ ಮನುಷ್ಯ. ಸಕ್ಕರೆ ಕಾಯಿಲೆ ಅವರ ಕಣ್ಣಿಗೆ ಇಳಿದಿತ್ತು. ನಾನು ಸೇರಿದ ಎರಡನೆಯ ವರ್ಷಕ್ಕೆ ಅವರಿಗೆ ಕೊರೆಯುವ ಟೂಲಿನ ತುದಿ ಕಾಣುತ್ತಿರಲಿಲ್ಲ. ವೈದ್ಯಕೀಯ ತಪಾಸಣೆಗೆ ಸಿಕ್ಕಿಬಿದ್ದರೆ ಮನೆಗೆ ಕಳಿಸುತ್ತಾರೆ. ನಿವೃತ್ತಿಗೆ ಇನ್ನೂ ಏಳು ವರ್ಷವಿತ್ತು. ಹೆಣ್ಣುಮಕ್ಕಳಿಬ್ಬರು ಓದುತ್ತಿದ್ದರು. ಅವರು ಅಕ್ಕನನ್ನು ಲೇತಿನ ಪಕ್ಕ ನಿಲ್ಲಿಸಿಕೊಂಡು, "ತುದಿ ರಬ್ಬರ್ ಮುಟ್ತಾ ನೋಡವ್ವಾ" ಎಂದು ಕೇಳಲು ಶುರುಮಾಡಿದರು. ಮೊದಮೊದಲು ಅಕ್ಕ ಅವರ ಕಣ್ಣಾದರು. ಆರು ತಿಂಗಳಿಗೆ ಕೈಯೂ ಆದರು. ಆಮೇಲೆ ಮೇಸ್ತ್ರಿ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು, ಗೆರೆ ಕೊರೆಯುತ್ತಿದ್ದದ್ದು ಅಕ್ಕ.

ಅದನ್ನು ನಾನು ಎಷ್ಟೋ ಮಧ್ಯಾಹ್ನ ನಿಂತು ನೋಡಿದ್ದೇನೆ. ರೋಲು ಎತ್ತಿನ ಗಾಣದಂತೆ ನಿಧಾನವಾಗಿ ತಿರುಗುತ್ತದೆ. ಟೂಲು ಕೂದಲಷ್ಟು ಕೂದಲಷ್ಟು ಮುಂದೆ ಸರಿಯುತ್ತದೆ. ಹನಿ ಹನಿ ನೀರು ಬೀಳುತ್ತಿರುತ್ತದೆ, ಇಲ್ಲದಿದ್ದರೆ ರಬ್ಬರು ಸುಟ್ಟು ನಾರುತ್ತದೆ. ಟೂಲು ಚೂಪಾಗಿದ್ದರೆ ಕೊರೆದ ರಬ್ಬರು ಶ್ಯಾವಿಗೆಯಂತೆ ಒಂದೇ ಎಳೆಯಾಗಿ ಬರುತ್ತದೆ. ಮೊಂಡಾದರೆ ರವೆಯಂತೆ ಉದುರುತ್ತದೆ. ರವೆ ಉದುರುವುದಕ್ಕೂ ಮೊದಲೇ ಅಕ್ಕ ಲೇತು ನಿಲ್ಲಿಸುತ್ತಿದ್ದರು. "ಹೆಂಗೆ ಗೊತ್ತಾಯ್ತು?" ಎಂದರೆ, "ಸದ್ದು ಗೊರಗೊರ ಅಂತು" ಎನ್ನುತ್ತಿದ್ದರು. ನನಗೆ ಯಾವ ವ್ಯತ್ಯಾಸವೂ ಕೇಳಿಸುತ್ತಿರಲಿಲ್ಲ. ನಾನು ಆಳ ಅಳೆಯುವ ಗೇಜು ಹಿಡಿದು ರೋಲಿನ ಉದ್ದಕ್ಕೂ ಒದ್ದಾಡುವಾಗ ಅವರು ಹೆಬ್ಬೆರಳ ಉಗುರು ಎಳೆದು, "ಎಡಗಡೆಯಿಂದ ಒಂದು ಮೊಳ ಬಿಟ್ಟು ನೋಡಿ, ಅಲ್ಲಿ ಆಳ ಕಮ್ಮಿ ಐತೆ" ಎನ್ನುತ್ತಿದ್ದರು. ಅಲ್ಲೇ ಕಮ್ಮಿ ಇರುತ್ತಿತ್ತು.

ಶಾಪಿನಲ್ಲಿ ಎಲ್ಲರಿಗೂ ಇದು ಗೊತ್ತಿತ್ತು. ಹೊರಗೆ ಯಾರೂ ಹೇಳುತ್ತಿರಲಿಲ್ಲ. ರಿಜಿಸ್ಟರಿನಲ್ಲಿ 'ಗೆರೆ ಕೊರೆದವರು' ಎಂಬ ಕಡೆ ಮೇಸ್ತ್ರಿ ತಡವರಿಸಿಕೊಂಡು ಸಹಿ ಹಾಕುತ್ತಿದ್ದರು. ಅದರ ಕೆಳಗೆ 'ಪರಿಶೀಲಿಸಿದವರು' ಎಂಬ ಕಡೆ ನಾನು. ಅಷ್ಟರಲ್ಲಿ ನಾನು ಶಿಫ್ಟ್ ಇಂಜಿನಿಯರ್ ಆಗಿದ್ದೆ. ಮನೆಯಲ್ಲೂ ಹೇಳಬೇಡವೆಂದು ಮೇಸ್ತ್ರಿ ಅಕ್ಕನ ಹತ್ತಿರ ಮಾತು ತೆಗೆದುಕೊಂಡಿದ್ದರು. ಅಕ್ಕ ಕೊಟ್ಟ ಮಾತು ಅಕ್ಕ ಮುರಿದದ್ದನ್ನು ನಾನು ಕಂಡಿಲ್ಲ.

ಆ ವರ್ಷಗಳಲ್ಲೇ ಒಂದು ಸಂಗತಿ ನಡೆಯಿತು. ನಮ್ಮ ಮೆಷಿನ್ನಿನ ಕಂಬಳಿಗಳು ಬೇಗ ಹರಿಯುತ್ತಿದ್ದವು. ದೂರದಿಂದ ತರಿಸುವ ದುಬಾರಿ ಕಂಬಳಿ. ಬದಲಾಯಿಸಲು ಮೆಷಿನ್ ನಿಲ್ಲಿಸಬೇಕು. ಕಂಬಳಿ ಮಾರಿದವರನ್ನು ಬೈದೆವು, ನೀರನ್ನು ಬೈದೆವು. ಅಕ್ಕ ಒಂದು ದಿನ ಹರಿದ ಕಂಬಳಿಯ ತುಂಡನ್ನು ಹೊಸದಾಗಿ ಕೊರೆದ ರೋಲಿನ ಮೇಲೆ ಎಳೆದು ತೋರಿಸಿದರು. ಅದು ಅಲ್ಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. "ಗೆರೆ ತುಟಿ ಬ್ಲೇಡಿನ ತರ ಐತೆ. ಕಂಬಳಿ ಹರೀದೆ ಇನ್ನೇನು ಮಾಡ್ತದೆ?" ಎಂದರು. ಒದ್ದೆ ಮಾಡಿದ, ಉಜ್ಜಲು ಬಳಸುವ ಒರಟು ಎಮೆರಿ ಬಟ್ಟೆಯನ್ನು ಬಿದಿರು ಕಡ್ಡಿಗೆ ಮಡಿಸಿ, ರೋಲು ತಿರುಗುತ್ತಿದ್ದಂತೆ ಪ್ರತಿ ಗೆರೆಯ ಎರಡೂ ಅಂಚನ್ನು ತುಸುವೇ ಗುಂಡಗೆ ಮಾಡಿದರು. ಎರಡು ದಿನ ಹಿಡಿಯಿತು. ಆ ರೋಲಿನ ಮೇಲೆ ಓಡಿದ ಕಂಬಳಿ ಮೊದಲಿಗಿಂತ ಹೆಚ್ಚುಕಡಿಮೆ ಎರಡರಷ್ಟು ದಿನ ಬಾಳಿತು. ಕಾಗದದ ಮೇಲೆ ಬೀಳುತ್ತಿದ್ದ ಸಣ್ಣ ಪಟ್ಟೆಯೂ ಹೋಯಿತು.

ಕಾರ್ಖಾನೆಯಲ್ಲಿ ಸಲಹೆಗೆ ಬಹುಮಾನ ಕೊಡುವ ಪದ್ಧತಿಯಿತ್ತು. ನಾನು ಚಿತ್ರ ಬರೆದು, ಲೆಕ್ಕ ಹಾಕಿ, ಇಂಗ್ಲಿಷಿನಲ್ಲಿ ನಾಲ್ಕು ಪುಟ ಟೈಪು ಮಾಡಿಸಿ ಕಳಿಸಿದೆ. ನನ್ನ ಹೆಸರಿನಲ್ಲಿ. ಅಕ್ಕನ ಹೆಸರು ಹಾಕಿದರೆ, ಗುಡಿಸುವವರಿಗೆ ಲೇತಿನ ಹತ್ತಿರ ಏನು ಕೆಲಸ ಎಂಬ ಪ್ರಶ್ನೆ ಬರುತ್ತದೆ, ಮೇಸ್ತ್ರಿಯ ಕಣ್ಣಿನ ಗುಟ್ಟು ಹೊರಬೀಳುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳಲ್ಲ. ಆದರೆ ಆ ಕಾರಣ ಸಿಕ್ಕಾಗ ನನಗೆ ಎಷ್ಟು ಸಮಾಧಾನವಾಯಿತು ಎಂಬುದೂ ಸುಳ್ಳಲ್ಲ. ಗಣರಾಜ್ಯೋತ್ಸವದ ದಿನ ವೇದಿಕೆಗೆ ಕರೆದು ಗೋಡೆ ಗಡಿಯಾರ ಕೊಟ್ಟರು. ಮುಂದಿನ ವರ್ಷ ಅದೇ ಹುದ್ದೆಯಲ್ಲಿ ಒಂದು ಗ್ರೇಡು ಬಡ್ತಿ ಬಂತು. ಗಡಿಯಾರ ತಂದು ಶಾಪಿನಲ್ಲಿ ತೋರಿಸಿದಾಗ ಮೇಸ್ತ್ರಿ ಕೈಯಿಂದ ತಡವಿ, "ಚೆನ್ನಾಗದೆ" ಎಂದರು. ಅಕ್ಕ, "ಟೈಮು ಸರಿಯಾಗಿ ತೋರಿಸ್ತದಾ ನೋಡ್ಕೊಳ್ಳಿ ಸಾರ್" ಎಂದು ಕಡ್ಡಿ ತೆಗೆದುಕೊಂಡು ಹೋಗಿ ಮಣೆಯ ಮೇಲೆ ಕೂತರು.

ಮೇಸ್ತ್ರಿ ನಿವೃತ್ತರಾದರು. ಟರ್ನರ್ ಹುದ್ದೆ ಖಾಲಿಯಾಯಿತು. ಒಳಗಿನವರು ಅರ್ಜಿ ಹಾಕಬಹುದು, ಐ.ಟಿ.ಐ. ಇಲ್ಲದವರಿಗೆ ಲೇತಿನ ಮೇಲೆ ಐದು ವರ್ಷ ಕೆಲಸ ಮಾಡಿದ್ದಾರೆಂದು ಶಿಫ್ಟ್ ಇಂಜಿನಿಯರ್ ಬರೆದುಕೊಟ್ಟರೆ ಸಾಕು ಎಂದು ನೋಟಿಸು ಹಾಕಿದರು. ಅಕ್ಕ ಏಳನೇ ಕ್ಲಾಸು ಓದಿದ್ದವರು. ಅರ್ಜಿಯನ್ನು ತಾವೇ ಕನ್ನಡದಲ್ಲಿ, ಗುಂಡಗೆ, ಒಂದು ಅಕ್ಷರ ಹೊಡೆಯದೆ ಬರೆದು ನನ್ನ ಮೇಜಿನ ಮೇಲೆ ಇಟ್ಟರು.

"ನೀವು ಕಣ್ಣಾರೆ ನೋಡಿದ್ದನ್ನ ಬರೀರಿ ಸಾರ್. ಹೆಚ್ಚಿಗೆ ಒಂದಕ್ಷರ ಬೇಡ" ಎಂದರು. ಅವರು ನನ್ನನ್ನು ಕೇಳಿದ ಒಂದೇ ಸಹಾಯ ಅದು.

ಎರಡು ದಿನ ಅದನ್ನು ಇಟ್ಟುಕೊಂಡೆ. ಹೌದು ಎಂದು ಬರೆದರೆ ಏಳು ವರ್ಷದ ರಿಜಿಸ್ಟರಿನಲ್ಲಿರುವ ನನ್ನ ಸಹಿಗಳೆಲ್ಲ ಸುಳ್ಳಾಗುತ್ತವೆ. ಗಡಿಯಾರ ಯಾರದು ಎಂಬ ಮಾತೂ ಏಳಬಹುದು. ಬಡ್ತಿಯ ಪಟ್ಟಿಯಲ್ಲಿ ಮತ್ತೆ ನನ್ನ ಹೆಸರಿತ್ತು. ಮೂರನೆಯ ದಿನ ಬರೆದೆ: 'ದಾಖಲೆಗಳ ಪ್ರಕಾರ ಇವರು ಸ್ವಚ್ಛತಾ ಕೆಲಸ ನಿರ್ವಹಿಸಿರುತ್ತಾರೆ. ಲೇತ್ ನಡೆಸಿದ ಬಗ್ಗೆ ದಾಖಲೆ ಇರುವುದಿಲ್ಲ.' ಅದರಲ್ಲಿ ಒಂದು ಪದವೂ ಸುಳ್ಳಿರಲಿಲ್ಲ.

ಹೇಗೋ ಸುದ್ದಿ ತಿಳಿದು ಮೇಸ್ತ್ರಿ ಅಜ್ಜಂಪುರದಿಂದ ಬಸ್ಸು ಹಿಡಿದು ಬಂದುಬಿಟ್ಟರು. ಗೇಟಿನಿಂದ ಕಾವಲಿನವನು ಕೈ ಹಿಡಿದು ಮ್ಯಾನೇಜರ್ ಕೋಣೆಗೆ ಕರೆತಂದ. ಅಕ್ಕನೂ ಅಲ್ಲಿದ್ದರು, ನಾನೂ ಇದ್ದೆ. ಮೇಸ್ತ್ರಿಗೆ ಮ್ಯಾನೇಜರ್ ಯಾವ ಕಡೆ ಕೂತಿದ್ದಾರೆಂದು ಕಾಣಲಿಲ್ಲ. ಕಿಟಕಿಯ ಕಡೆಗೆ ಕೈ ಮುಗಿದು ಮಾತಾಡಿದರು.

"ಸ್ವಾಮಿ, ನಂಗೆ ಏಳು ವರ್ಷದಿಂದ ಕಣ್ಣಿಲ್ಲ. ಗೆರೆ ಕೊರ್ದದ್ದೆಲ್ಲ ಈ ಹೆಣ್ಮಗಳು. ನಾನು ಬರೀ ಸಹಿ ಹಾಕಿದ್ದು. ನಂಗೆ ಏನು ಶಿಕ್ಷೆ ಕೊಡ್ತೀರೋ ಕೊಡಿ, ಇವಳ ಕೆಲ್ಸ ಇವಳಿಗೆ ಕೊಡಿ."

ಮ್ಯಾನೇಜರ್ ಕೆಟ್ಟವರಲ್ಲ. ಹೊಸಬರು. ನನ್ನ ಕಡೆ ತಿರುಗಿ, "ಏನ್ರೀ ಇದು? ನೀವೇ ಅಲ್ವಾ ಶಿಫ್ಟಲ್ಲಿದ್ದದ್ದು? ಹೌದಾ?" ಎಂದರು.

ಅಕ್ಕ ನನ್ನನ್ನು ನೋಡುತ್ತಿರಲಿಲ್ಲ, ನೆಲ ನೋಡುತ್ತಿದ್ದರು. ಮೇಸ್ತ್ರಿ ಮಾತ್ರ ನನ್ನ ಉಸಿರು ಕೇಳಿ ನಾನಿರುವ ಕಡೆಗೆ ಮುಖ ತಿರುಗಿಸಿದರು.

"ವಯಸ್ಸಾದವರು ಸಾರ್. ಅಭಿಮಾನಕ್ಕೆ ಹೇಳ್ತಿದ್ದಾರೆ" ಎಂದೆ.

ಮೇಸ್ತ್ರಿ ಕೈ ಕೆಳಗೆ ಬಿಟ್ಟರು. ಅಕ್ಕ ಹೋಗಿ ಅವರ ತೋಳು ಹಿಡಿದು, "ನಡೀರಿ ಮೇಸ್ತ್ರಿ, ಮೂರು ಗಂಟೆ ಬಸ್ಸು ತಪ್ಪಿದ್ರೆ ಕಷ್ಟ ಆಯ್ತದೆ" ಎಂದು ಹೊರಗೆ ಕರೆದುಕೊಂಡು ಹೋದರು. ಅವರನ್ನು ಬಸ್ಸು ಹತ್ತಿಸಿ ಬಂದು, ಉಳಿದಿದ್ದ ಅರ್ಧ ರೋಲಿನ ಕೊಳೆ ತೆಗೆದು ಮನೆಗೆ ಹೋದರು. ಮೇಸ್ತ್ರಿ ಮುಂದಿನ ವರ್ಷ ಕಾಲವಾದರು.

ಹೊಸ ಟರ್ನರ್ ಬಂದ. ಐ.ಟಿ.ಐ. ಓದಿದವನು, ಕಬ್ಬಿಣ ಬಲ್ಲವನು, ರಬ್ಬರು ಮುಟ್ಟಿದವನಲ್ಲ. ಮೊದಲ ರೋಲು ಏರಿಸಿದ ದಿನ ನಾನು ಮೆಷಿನ್ ಹಾಲಿನಲ್ಲಿದ್ದೆ. ಅಕ್ಕ ಪೊರಕೆ ಹಿಡಿದು ಅಲ್ಲೇ ಇದ್ದರು. ಟೂಲು ಮೊಂಡಾಯಿತು, ರವೆ ಉದುರಿತು, ಅವನು ನಿಲ್ಲಿಸಲಿಲ್ಲ. ಇಡೀ ಹಗಲು ಕೊರೆದ. ಗೆರೆಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತ ಹೋಗುತ್ತ ಇಕ್ಕಟ್ಟಾಗಿ, ಕೊನೆಗೆ ಅಂಚು ಕಿತ್ತುಕೊಂಡು ಬಂದವು. ರೋಲಿನ ರಬ್ಬರನ್ನೇ ಸುಲಿದು ಹೊಸದು ಹಾಕಿಸಬೇಕಾಯಿತು. ಅಕ್ಕ ಉದುರಿದ ರವೆಯನ್ನೆಲ್ಲ ಗುಡಿಸಿ ತೊಟ್ಟಿಗೆ ಹಾಕಿದ್ದರು.

ಮ್ಯಾನೇಜರ್ ನನ್ನನ್ನೂ ಕರೆದುಕೊಂಡು ಬಂದು ನೋಡಿ, ಅಕ್ಕನಿಗೆ, "ನೀವು ಇಲ್ಲೇ ಇದ್ರಲ್ಲ, ನೋಡ್ತಾ ಸುಮ್ನೆ ಯಾಕಿದ್ರಿ? ಒಂದು ಮಾತು ಹೇಳ್ಬಾರ್ದಿತ್ತಾ?" ಎಂದರು.

"ನಾನು ಗುಡಿಸೋಳು ಸಾರ್" ಎಂದರು ಅಕ್ಕ. "ದಾಖಲೆ ನೋಡಿ."

ಅದನ್ನು ಅವರು ನನ್ನ ಕಡೆ ನೋಡಿ ಹೇಳಿದರು. ಸಿಟ್ಟಿನ ನೋಟವಾಗಿದ್ದರೆ ತಡೆದುಕೊಳ್ಳಬಹುದಿತ್ತು. ನನ್ನನ್ನು ಅಳೆದು ಮುಗಿಸಿದವರ ನೋಟ ಅದು. ರೋಲು ಹಾಳಾಗಲು ಬಿಟ್ಟದ್ದು ಅವರ ತಪ್ಪು ಎಂದು ಶಾಪಿನಲ್ಲಿ ಕೆಲವರು ಈಗಲೂ ಹೇಳುತ್ತಾರೆ. ಇರಬಹುದು. ಏಳು ವರ್ಷ ಒಂದು ಗೆರೆ ಕೆಡಲು ಬಿಡದವರು ಒಂದು ಇಡೀ ರೋಲು ಕೆಡುವುದನ್ನು ನಿಂತು ನೋಡಿದರೆಂದರೆ, ಅಂದು ಒಳಗೆ ಏನು ಕೆಟ್ಟಿತ್ತೆಂದು ಕೇಳಿಕೊಳ್ಳಬೇಕಾಗಿದ್ದವನು ನಾನು. ಕೇಳಿಕೊಳ್ಳುವ ಬದಲು, ಅವರನ್ನು ಬೇರೆ ಕಡೆ ಹಾಕುವ ಕಾಗದಕ್ಕೆ ಸಹಿ ಹಾಕಿದೆ.

ರದ್ದಿ ಕಾಗದದ ಅಂಗಳಕ್ಕೆ ಹಾಕಿದರು. ಲಾರಿಗಳಲ್ಲಿ ಬರುವ ಹಳೇ ನೋಟ್‌ಬುಕ್ಕು, ಪೇಪರು, ಮದುವೆ ಕಾಗದಗಳಲ್ಲಿ ಪಿನ್ನು, ಪ್ಲಾಸ್ಟಿಕ್ಕು, ದಾರ ಆರಿಸುವ ಕೆಲಸ. ತಗಡಿನ ಮಾಡು, ಸುತ್ತ ಗೋಡೆಯಿಲ್ಲ, ವರ್ಷವಿಡೀ ದೂಳು. ಅಲ್ಲಿ ಅವರು ಹತ್ತೊಂಬತ್ತು ವರ್ಷ ಇದ್ದರು. ನನ್ನ ಸ್ಕೂಟರು, ಆಮೇಲೆ ಕಾರು, ದಿನಕ್ಕೆರಡು ಸಲ ಆ ಅಂಗಳದ ಮುಂದೆ ಹೋಗುತ್ತಿತ್ತು. ಮೊದಲ ಕೆಲವು ತಿಂಗಳು ತಲೆ ತಿರುಗಿಸುತ್ತಿದ್ದೆ. ಆಮೇಲೆ ತಿರುಗಿಸಬೇಕಾಗಲೂ ಇಲ್ಲ, ಕಣ್ಣಿಗೆ ಅಭ್ಯಾಸವಾಯಿತು. ಮನುಷ್ಯನಿಗೆ ಯಾವುದು ಬೇಕಾದರೂ ಅಭ್ಯಾಸವಾಗುತ್ತದೆ.

ಅವರ ನಿವೃತ್ತಿಯ ದಿನ ಬಂತು. ಆಗ ನಾನು ಉಪ ವ್ಯವಸ್ಥಾಪಕ. ಆ ತಿಂಗಳು ನಿವೃತ್ತರಾಗುವ ನಾಲ್ವರಿಗೆ ಕ್ಯಾಂಟೀನಿನಲ್ಲಿ ಸಣ್ಣ ಸಮಾರಂಭ. ಶಾಲು ಹೊದಿಸಿ ಮಾತಾಡಬೇಕಾದವನು ನಾನೇ. ಬರೆದುಕೊಂಡು ಹೋಗಿದ್ದೆ. "ಮೂವತ್ತು ವರ್ಷ ಕಾರ್ಖಾನೆಯ ಸ್ವಚ್ಛತೆಗೆ ದುಡಿದ, ಶಿಸ್ತಿನ, ಮಿತಭಾಷಿ ಮಹಿಳೆ" ಎಂದು ಓದಿದೆ. ಅಕ್ಕ ಶಾಲನ್ನು ಹೆಗಲಿನಿಂದ ತೆಗೆದು, ನಾಲ್ಕು ಮಡಿಕೆ ಮಾಡಿ ಮಡಿಲಲ್ಲಿಟ್ಟುಕೊಂಡು, ಮಿಕ್ಕವರ ಸನ್ಮಾನ ಮುಗಿಯುವವರೆಗೂ ಕೂತಿದ್ದರು.

ಎಲ್ಲರೂ ಬೋಂಡಾ ಕಾಫಿಯ ಕಡೆ ಹೋದಾಗ ಅವರ ಹತ್ತಿರ ಹೋದೆ. "ಅಕ್ಕ, ನಾನು ಆವತ್ತು ಮ್ಯಾನೇಜರ್ ಕೋಣೇಲಿ..." ಎಂದು ಶುರುಮಾಡಿದೆ.

"ಬೇಡ ಸಾರ್" ಎಂದರು. "ಹೇಳ್ಬೇಕು ಅಂತ ಇದ್ದಿದ್ರೆ ಈಗ ಮೈಕು ನಿಮ್ಮ ಕೈಲೇ ಇತ್ತಲ್ಲ."

ಅದು ಅವರು ನನಗೆ ಆಡಿದ ಕೊನೆಯ ಮಾತು.

ಔಷಧಿ ಅಂಗಡಿಯಲ್ಲಿ ಸುದ್ದಿ ಕೇಳಿದ ಮೂರನೆಯ ದಿನ ಸಿಂಗಟಗೆರೆಗೆ ಹೋದೆ. ಕಾರಿನಲ್ಲಿ ಹೋಗಲು ಮನಸ್ಸಾಗದೆ ಬಸ್ಸಿನಲ್ಲಿ ಹೋದೆ. ಕೆರೆ ದಾಟಿ ಊರೊಳಗೆ, ಮುಂದೆ ನಾಲ್ಕು ತೆಂಗಿನ ಮರವಿರುವ ಮನೆ. ಮಗಳಿಗೆ ಈಗ ನಲವತ್ತು ದಾಟಿದೆ. ಅಮ್ಮನದೇ ಗದ್ದ. ಅಳಿಯ ಹೊಲದಿಂದ ಆಗತಾನೆ ಬಂದು ಕೈಕಾಲು ತೊಳೆಯುತ್ತಿದ್ದರು. ಅಮ್ಮನ ಜೊತೆ ಕೆಲಸ ಮಾಡಿದವನು ಎಂದು ಹೇಳಿಕೊಂಡೆ. ಮಗಳು ಕುರ್ಚಿ ಹಾಕಿ, ಕಾಫಿ ತಂದುಕೊಟ್ಟು, ಬಾಗಿಲಿಗೆ ಒರಗಿ ನಿಂತಳು.

"ದೊಡ್ಡೋರು ನೀವು, ಇಷ್ಟು ದೂರ ಬಂದ್ರಿ" ಎಂದಳು. "ಅಮ್ಮ ಫ್ಯಾಕ್ಟ್ರೀಲಿ ಗುಡಿಸ್ತಿದ್ರು ಅಂದ್ರೂ ಅಷ್ಟು ಜನ ಬಂದಿದ್ರು ಮಣ್ಣಿಗೆ. ನಂಗೇ ಆಶ್ಚರ್ಯ ಆಯ್ತು."

ಅಕ್ಕ ಹೇಳಿರಲಿಲ್ಲ. ಮೇಸ್ತ್ರಿ ಸತ್ತ ಮೇಲೂ, ಗುಟ್ಟು ಯಾರಿಗೂ ಬೇಡವಾದ ಮೇಲೂ ಮಗಳಿಗೆ ಹೇಳಿರಲಿಲ್ಲ. ಕೊಟ್ಟ ಮಾತಿಗೋ, ಹೇಳಿ ಏನು ಪ್ರಯೋಜನ ಎಂಬ ಕಹಿಗೋ, ನನಗೆ ಗೊತ್ತಿಲ್ಲ.

ನಾನು ಹೇಳಿದೆ. ಲೇತು, ಮೇಸ್ತ್ರಿಯ ಕಣ್ಣು, ಕಂಬಳಿ, ಗಡಿಯಾರ, ಅರ್ಜಿ, ನಾನು ಬರೆದ ಎರಡು ಸಾಲು, ಮ್ಯಾನೇಜರ್ ಕೋಣೆ. ಏನೂ ಬಿಡಲಿಲ್ಲ. ಹೇಳಿ ಮುಗಿಸಿದರೆ ಅವಳು ಬೈಯುತ್ತಾಳೆ, ಇಲ್ಲವೇ ಅಮ್ಮ ಅಂಥವರೇ ಎಂದು ಹೆಮ್ಮೆಯಿಂದ ಅಳುತ್ತಾಳೆ ಎಂದುಕೊಂಡಿದ್ದೆ. ಎರಡಕ್ಕೂ ಸಿದ್ಧನಾಗಿ ಹೋಗಿದ್ದೆ.

ಅವಳು ಗಂಡನ ಕಡೆ ನೋಡಿ, "ನಮ್ಮ ಮದುವೇಲಿ ನೆನಪೈತಾ?" ಎಂದಳು. ಅವರು ತಲೆ ತಗ್ಗಿಸಿದರು.

"ಅತ್ತೆ ಮನೆಯೋರಿಗೆ ಅಮ್ಮ ಆಫೀಸಲ್ಲವ್ರೆ ಅಂತ ಹೇಳ್ಸಿದ್ದೆ ನಾನು" ಎಂದಳು ನನಗೆ. "ಗುಡಿಸೋಳ ಮಗಳು ಅನ್ನಿಸ್ಕೋಬಾರ್ದು ಅಂತ. ಫ್ಯಾಕ್ಟ್ರಿಯೋರು ಯಾರನ್ನೂ ಕರೀಬೇಡ ಅಂತ ಅಮ್ಮಂಗೆ ಹೇಳ್ದೆ. ಅಮ್ಮ ಒಬ್ರನ್ನೂ ಕರೀಲಿಲ್ಲ. ಹೂಂ ಅಂದ್ರು ಅಷ್ಟೆ." ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಈಗ ಯಾಕೆ ಬಂದು ಹೇಳಿದ್ರಿ ಇದನ್ನ? ಅವ್ರು ಇದ್ದಾಗ ಹೇಳಿದ್ರೆ ಒಂದು ಮಾತು ಕ್ಷಮ್ಸು ಅಂತಾದ್ರೂ ಕೇಳ್ತಿದ್ದೆ. ಇನ್ನು ಯಾರ ಹತ್ರ ಹೋಗಿ ಕೇಳ್ಲಿ?"

ಒಳಗೆ ಹೋದವಳು ಮತ್ತೆ ಬರಲಿಲ್ಲ. ನನ್ನ ಹೊರೆ ಇಳಿಸಿಕೊಳ್ಳಲು ಹೋದವನು ಅದನ್ನು ತೆಗೆದು ಆ ಹೆಂಗಸಿನ ತಲೆಯ ಮೇಲೆ ಇಟ್ಟು ಎದ್ದಿದ್ದೆ.

ಅಳಿಯ ರಸ್ತೆಯವರೆಗೆ ಜೊತೆಗೆ ಬಂದರು. ಸಭ್ಯ ಮನುಷ್ಯ. "ಬೇಜಾರ್ ಮಾಡ್ಕೋಬೇಡಿ ಸಾರ್, ದುಃಖದಲ್ಲವ್ಳೆ" ಎಂದರು. ಸ್ವಲ್ಪ ದೂರ ನಡೆದು, "ಒಂದು ಮಾತು ಕೇಳ್ತೀನಿ. ನಿಜವಾಗ್ಲೂ ಅಷ್ಟು ಚೆನ್ನಾಗಿ ಮಾಡ್ತಿದ್ರಾ ಅತ್ತೆಮ್ಮ ಆ ಕೆಲ್ಸಾನ?" ಎಂದರು.

"ಅಷ್ಟು ಚೆನ್ನಾಗಿ ಮಾಡೋರನ್ನ ನಾನು ಇನ್ನೊಬ್ಬರನ್ನ ನೋಡಿಲ್ಲ."

"ಮತ್ತೆ ಅವತ್ತು ಒಂದು ಹೂಂ ಅನ್ನಕ್ಕೆ ನಿಮ್ಗೆ ಏನಾಗಿತ್ತು ಸಾರ್?"

ಅವರ ದನಿಯಲ್ಲಿ ಆರೋಪವಿರಲಿಲ್ಲ. ನಿಜಕ್ಕೂ ತಿಳಿಯದೆ ಕೇಳಿದ್ದರು. ಆ ಹೊತ್ತಿಗೆ ಕಡೂರಿನ ಬಸ್ಸು ಬಂತು. ಇನ್ನೊಂದು ಅರ್ಧ ಗಂಟೆಗೆ ಮತ್ತೊಂದು ಬಸ್ಸಿತ್ತು, ನನಗೆ ಗೊತ್ತಿತ್ತು. ಕೈ ತೋರಿಸಿ ನಿಲ್ಲಿಸಿ ಹತ್ತಿಬಿಟ್ಟೆ.